ಒಂದೂವರೆ ಪಟ್ಟು ಗಟ್ಟಿಯೆಂಬ ನಂಬಿಕೆ

ಪರದೆಯ ಮೇಲೆ ತೊಲೆಯೊಂದು ನೀಲಿ, ಹಸಿರು, ಕೆಂಪಾಗಿ ಮಿನುಗಬೇಕು, ಕೆಂಪು ಜಾಗದಲ್ಲೂ ಸುರಕ್ಷತಾ ಗುಣಾಂಕ 1.5 ಬರಬೇಕು, ಅಲ್ಲಿಗೆ 'ಒಂದೂವರೆ ಪಟ್ಟು ಗಟ್ಟಿ, ಮುರಿಯುವ ಮಾತೇ ಇಲ್ಲ' ಎಂದು ಎಂಜಿನಿಯರುಗಳು ಫೈಲು ಮುಚ್ಚುತ್ತಾರೆ. ಪ್ರಿಂಟೌಟಿಗೆ ಅರಿಸಿನ ಕುಂಕುಮ ಹಚ್ಚುವುದೊಂದು ಬಾಕಿ. ತೊಲೆಯನ್ನು ಸಣ್ಣ ತುಂಡುಗಳ ಜಾಲರಿಯಾಗಿ ಒಡೆದು ಹಾಕುವ ಈ ಫೈನೈಟ್ ಎಲಿಮೆಂಟ್ ಲೆಕ್ಕ ಉತ್ತರ ಹೇಳುವುದು ನಾವು ತುಂಬಿದ ಒಂದು ಹೊರೆಗೆ, ಒಂದು ದಪ್ಪಕ್ಕೆ, ಒಂದು ಬಗೆಯ ಉಕ್ಕಿಗೆ ಮಾತ್ರ. ಗಾಳಿಯಾಗಲಿ ಲಾರಿಯಾಗಲಿ ಒಂದೇ ಅಂಕಿಗೆ ಕಟ್ಟುಬಿದ್ದಿಲ್ಲ. ಸರಾಸರಿ ಶಕ್ತಿ ಸರಾಸರಿ ಹೊರೆಯ ಒಂದೂವರೆ ಪಟ್ಟು ಇದೆಯೆನ್ನಿ. ಎರಡರ ಏರಿಳಿತವೂ ಗಂಟೆಯಾಕಾರದ್ದಾಗಿ, ಒಂದಕ್ಕೊಂದು ಸಂಬಂಧವಿಲ್ಲದ್ದಾಗಿ, ಮಾನಕ ವಿಚಲನೆ ತಂತಮ್ಮ ಸರಾಸರಿಯ ಶೇ. 10 ಇದ್ದರೆ ಸೋಲುವ ಸಂಭವ ಸಾವಿರಕ್ಕೆ ಸುಮಾರು 3. ವಿಚಲನೆ ಶೇ. 20ಕ್ಕೇರಿದರೆ ನೂರಕ್ಕೆ 8! ಗುಣಾಂಕ ಅದೇ 1.5, ಅಪಾಯ ಮಾತ್ರ ಮೂವತ್ತು ಪಟ್ಟು. ಈ ಏರಿಳಿತವನ್ನು ಲೆಕ್ಕಕ್ಕೆ ತರುವುದೇ ವಿಶ್ವಾಸಾರ್ಹತಾ ಸಿದ್ಧಾಂತದ ಕೆಲಸ. ಜಾಲರಿ ಸಣ್ಣದಾದಷ್ಟೂ ಸತ್ಯ ಹತ್ತಿರ ಎನ್ನುವವರು ಚೂಪಾದ ಒಳಮೂಲೆಯೊಂದನ್ನು ಪರೀಕ್ಷಿಸಲಿ: ಅಲ್ಲಿ ಜಾಲರಿ ಕಿರಿದಾದಂತೆ ಸ್ಟ್ರೆಸ್ ಏರುತ್ತಲೇ ಹೋಗುತ್ತದೆ, ನಿಲ್ಲುವುದಿಲ್ಲ.

ಸಂಭವದ ಅಂಕಿಗಳೂ ಊಹೆಯೇ ಅಲ್ಲವೇ ಎಂಬ ಆಕ್ಷೇಪ ನ್ಯಾಯವಾದದ್ದೇ. ಆದರೆ 1.5ರೊಳಗೂ ಊಹೆಯಿದೆ, ಬಚ್ಚಿಟ್ಟುಕೊಂಡಿದೆ, ಅಷ್ಟೇ. ಎಂ-25 ಕಾಂಕ್ರೀಟಿಗೆ 25 ಮೆಗಾಪಾಸ್ಕಲ್ ಶಕ್ತಿ ಸಾಲದು, ಸರಾಸರಿ 31.6ರ ಸುತ್ತ ಬರುವಂತೆ ಕಲಸಿ ಎಂದು ನಮ್ಮ ಭಾರತೀಯ ಮಾನಕವೇ ಹೇಳುವುದು ಏಕೆ? ನೂರರಲ್ಲಿ ಐದಕ್ಕಿಂತ ಹೆಚ್ಚು ಪರೀಕ್ಷಾ ಘನಗಳು 25ರ ಕೆಳಗೆ ಬೀಳಬಾರದೆಂದು. ಅದು ಸಂಭವದ ಲೆಕ್ಕವಲ್ಲದೆ ಮತ್ತೇನು? ಸಂಭವ ತಿಳಿಯಲು ಲಕ್ಷ ಸಲ ಕಂಪ್ಯೂಟರ್ ಓಡಿಸಲು ಪುರಸೊತ್ತಿಲ್ಲ ಎನ್ನುವವರಿಗೆ, ಸೋಲಿನ ಗಡಿಯ ಮೇಲೆ ಸರಾಸರಿಗೆ ಅತಿ ಹತ್ತಿರದ ಬಿಂದುವನ್ನು ಹುಡುಕುವ ಹಸೋಫರ್-ಲಿಂಡ್ ವಿಧಾನ 1974ರಿಂದಲೂ ಇದೆ. ಅದಕ್ಕೆ ಹತ್ತಾರು ಓಟ ಸಾಕಾಗುವುದುಂಟು.

ಹಾಗೆಂದು ಸಂಭವದ ಅಂಕಿಗೂ ಕೈಮುಗಿಯಬೇಕಿಲ್ಲ. ನಾರ್ವೆಯ ಸ್ಲೈಪ್ನರ್-ಎ ತೈಲವೇದಿಕೆಯ ಕಾಂಕ್ರೀಟ್ ಬುಡ 1991ರ ಆಗಸ್ಟ್ 23ರಂದು ಸ್ಟಾವಂಗರ್ ಬಳಿ ಮುಳುಗಿದ್ದು ಹೊರೆಯ ಏರಿಳಿತದಿಂದಲ್ಲ. ಒರಟು ಜಾಲರಿಯ ಲೆಕ್ಕ ಗೋಡೆಯ ಶಿಯರ್ ಬಲವನ್ನು ಸುಮಾರು ಶೇ. 47 ಕಡಿಮೆ ತೋರಿಸಿತ್ತು, ಸರಳಿನ ಜೋಡಣೆಯಲ್ಲೂ ಕೊರತೆಯಿತ್ತು. ತಪ್ಪು ಮಾದರಿಯ ಮೇಲೆ ಎಷ್ಟು ಸಂಭವಶಾಸ್ತ್ರ ಸುರಿದರೂ ತಪ್ಪೇ ಉತ್ತರ. ಆಮೇಲೆ ಸರಿಯಾಗಿ ಲೆಕ್ಕ ಹಾಕಿದಾಗ ಗೋಡೆ 62 ಮೀಟರ್ ಆಳದಲ್ಲಿ ಒಡೆಯಬೇಕೆಂದು ಬಂತು. ಒಡೆದದ್ದು 65ರಲ್ಲಿ.