ಪ್ರಶ್ನೆಚಿಹ್ನೆ ಕನ್ನಡವಾದ ಕಥೆ

ನಮ್ಮ ಹತ್ತನೇ ತರಗತಿಯವರು ಆಟೋಕ್ಯಾಡ್‌ನಲ್ಲಿ ಶಾಲೆಯ ಲ್ಯಾಬಿನ ನಕ್ಷೆ ಬರೆದರು. ಗೆರೆಗಳೆಲ್ಲ ಸರಿ. ಆದರೆ ‘ಬಾಗಿಲು’, ‘ಕಿಟಕಿ’ ಎಂದು ಟೈಪ್ ಮಾಡಿದ ಕಡೆ ಬರೀ ಪ್ರಶ್ನೆಚಿಹ್ನೆಗಳು!

“ಟೀಚರ್, ಇದಕ್ಕೆ ಕನ್ನಡ ಬರೋದಿಲ್ವಾ? ಇಂಗ್ಲಿಷಲ್ಲೇ ಹಾಕ್ಲಾ?” ಅಂತ ಒಬ್ಬಳು ಕೇಳಿದಳು.

ಬೇಡ ಮಕ್ಕಳೇ. ತೊಂದರೆ ಇದ್ದದ್ದು ‘ಟೆಕ್ಸ್ಟ್ ಸ್ಟೈಲ್’ನಲ್ಲಿ. ಅಕ್ಷರದ ಫಾಂಟ್, ಎತ್ತರ, ಅಗಲ, ಓರೆ ಎಷ್ಟಿರಬೇಕೆಂದು ಒಂದೇ ಕಡೆ ಬರೆದಿಟ್ಟ ನಿಯಮವೇ ಸ್ಟೈಲ್. ನಮ್ಮ ಸ್ಟೈಲ್‌ನಲ್ಲಿದ್ದ ಎಸ್‌ಎಚ್‌ಎಕ್ಸ್ ಫಾಂಟಿನಲ್ಲಿ ಕನ್ನಡ ಅಕ್ಷರಗಳೇ ಇರಲಿಲ್ಲ. ‘ಸ್ಟೈಲ್’ ಎಂಬ ಕಮಾಂಡ್ ಕೊಟ್ಟು, ಫಾಂಟನ್ನು ‘ತುಂಗಾ’ ಎಂದು ಬದಲಿಸಿದೆವು. ಒಂದೊಂದು ಪದವನ್ನೂ ತಿದ್ದುವ ಕೆಲಸ ಬೀಳಲಿಲ್ಲ. ಆ ಸ್ಟೈಲ್‌ನಲ್ಲಿದ್ದ ಪದಗಳೆಲ್ಲ ಒಟ್ಟಿಗೇ ಕನ್ನಡದಲ್ಲಿ ಕಂಡವು.

ಇನ್ನು ಎತ್ತರ. ಮಿಲಿಮೀಟರ್ ಅಳತೆಯಲ್ಲಿ ಬರೆದ ನಕ್ಷೆಯನ್ನು 1:100ರಲ್ಲಿ ಪ್ರಿಂಟ್ ಮಾಡುವಾಗ ಅಕ್ಷರ 3 ಮಿ.ಮೀ. ಕಾಣಬೇಕಾದರೆ, ಎತ್ತರ 3 × 100 = 300 ಎಂದು ಕೊಡಬೇಕು. ಬರೀ 3 ಕೊಟ್ಟರೆ ಕಾಗದದಲ್ಲಿ ಚುಕ್ಕೆಯಷ್ಟೇ!

ಒಂದು ಎಚ್ಚರಿಕೆ: ನಕ್ಷೆಯ ಫೈಲ್ ಜೊತೆ ಫಾಂಟ್ ಹೋಗುವುದಿಲ್ಲ. ಇನ್ನೊಂದು ಕಂಪ್ಯೂಟರಿನಲ್ಲೂ ಅದೇ ಫಾಂಟ್ ಇರಬೇಕು. ಒತ್ತಕ್ಷರಗಳು ಸರಿಯಾಗಿ ಕೂತಿವೆಯೇ ಎಂದು ನೋಡಿಯೇ ಪ್ರಿಂಟ್ ಕೊಡಿ.

ಆ ನಕ್ಷೆ ಈಗ ನಮ್ಮ ಲ್ಯಾಬಿನ ಗೋಡೆಯ ಮೇಲಿದೆ, ಕನ್ನಡದಲ್ಲೇ.