ಬಲಗಡೆಯವರು ಮೊದಲು

ರಾತ್ರಿ ಎರಡು ಗಂಟೆ. ಹೆಂಡತಿಗೆ ನೋವು ಶುರುವಾಗಿತ್ತು. ಆಸ್ಪತ್ರೆ 18 ಕಿಲೋಮೀಟರ್ ದೂರ. ಮನೆ ಮುಂದೆ ನಮ್ಮದೇ ಕಾರು ನಿಂತಿದೆ, ಟ್ಯಾಂಕ್ ತುಂಬಾ ಪೆಟ್ರೋಲ್ ಇದೆ, ಕೀ ನನ್ನ ಕೈಯಲ್ಲೇ ಇದೆ. ಬೆಂಗಳೂರಿನ ಟ್ರಾಫಿಕ್‌ನಲ್ಲಿ ಏಳು ವರ್ಷ ಕಾರು ಓಡಿಸಿದವನು ನಾನು. ಆದರೂ ಅವತ್ತು ಆ ಕಾರನ್ನು ಓಡಿಸುವ ಹಾಗಿರಲಿಲ್ಲ. ಯಾಕಂದ್ರೆ ಜರ್ಮನಿಯ ಕಾನೂನಿನ ಲೆಕ್ಕದಲ್ಲಿ ನಾನು ಲೈಸೆನ್ಸ್ ಇಲ್ಲದ ಮನುಷ್ಯ.

ಇದು ಕಳೆದ ವರ್ಷ ಏಪ್ರಿಲ್‌ನ ಮಾತು. ಅಲ್ಲಿಗೆ ಹೇಗೆ ಬಂದು ನಿಂತೆ ಅನ್ನೋದನ್ನ ಮೊದಲಿಂದ ಹೇಳ್ತೀನಿ. ಹೊರದೇಶಕ್ಕೆ ಕೆಲಸಕ್ಕೆ ಹೊರಟಿರುವ ಒಬ್ಬರಿಗಾದರೂ ಉಪಯೋಗಕ್ಕೆ ಬರಬಹುದು.

ಆರು ತಿಂಗಳ ಲೆಕ್ಕ

2024ರ ಮಾರ್ಚ್‌ನಲ್ಲಿ ಕಂಪನಿ ಕೆಲಸದ ಮೇಲೆ ಜರ್ಮನಿಗೆ ಬಂದೆವು. ಮ್ಯೂನಿಕ್ ನಗರದೊಳಗಿನ ಬಾಡಿಗೆ ಕೇಳಿ ಗಾಬರಿಯಾಗಿ, ಸುಮಾರು 40 ಕಿಲೋಮೀಟರ್ ಹೊರಗೆ ಒಂದು ಸಣ್ಣ ಊರಲ್ಲಿ ಮನೆ ಹಿಡಿದೆವು. ಊರು ಚೆನ್ನಾಗಿದೆ, ಆದರೆ ರಾತ್ರಿ ಒಂಬತ್ತರ ಮೇಲೆ ಬಸ್ಸಿಲ್ಲ. ಹಾಗಾಗಿ ಒಂದು ಸೆಕೆಂಡ್ ಹ್ಯಾಂಡ್ ಕಾರು ತಗೊಂಡೆ. ನನ್ನ ಭಾರತದ ಡಿಎಲ್ ಮತ್ತು ಅದರ ಜರ್ಮನ್ ಅನುವಾದ ಎರಡನ್ನೂ ಜೇಬಲ್ಲಿಟ್ಟುಕೊಂಡು ಆರಾಮಾಗಿ ಓಡಾಡಿಕೊಂಡಿದ್ದೆ.

ಇಲ್ಲಿನ ನಿಯಮ ಏನಂದ್ರೆ, ನೀವು ಇಲ್ಲಿ ವಾಸ ಶುರುಮಾಡಿದ ದಿನದಿಂದ ಆರು ತಿಂಗಳು ಮಾತ್ರ ಭಾರತದ ಲೈಸೆನ್ಸ್ ನಡೆಯುತ್ತೆ. ಅದಾದ ಮೇಲೆ ಓಡಿಸಿದರೆ ದಂಡ ಕಟ್ಟಿ ಮುಗಿಸುವ ಸಣ್ಣ ತಪ್ಪಲ್ಲ. 'ಲೈಸೆನ್ಸ್ ಇಲ್ಲದೆ ವಾಹನ ಚಾಲನೆ' ಎಂಬ ಕ್ರಿಮಿನಲ್ ಅಪರಾಧ. ಒಂದು ವರ್ಷದವರೆಗೆ ಜೈಲು ಅಥವಾ ದಂಡ ವಿಧಿಸಬಹುದು. ಅಪಘಾತವಾದರೆ ವಿಮಾ ಕಂಪನಿ ಎದುರಿನವರಿಗೆ ಪರಿಹಾರ ಕೊಟ್ಟು, ಆಮೇಲೆ ನಮ್ಮಿಂದ ಹಣ ವಸೂಲಿಗೆ ಬರುತ್ತದೆ.

ಇದು ನನಗೆ ಗೊತ್ತಾದದ್ದು ಐದನೇ ತಿಂಗಳಲ್ಲಿ, ಆಫೀಸಿನ ಊಟದ ಮೇಜಿನ ಮೇಲೆ. ಪಕ್ಕದಲ್ಲಿ ಕೂರುವ ದಕ್ಷಿಣ ಕೊರಿಯಾದ ಸಹೋದ್ಯೋಗಿ ತನ್ನ ಹೊಸ ಜರ್ಮನ್ ಲೈಸೆನ್ಸ್ ತೋರಿಸಿದ. "ಪರೀಕ್ಷೆ ಕಷ್ಟ ಇತ್ತಾ?" ಅಂದೆ. "ಯಾವ ಪರೀಕ್ಷೆ? ಹಳೇದು ಕೊಟ್ಟೆ, ಹೊಸದು ಕೊಟ್ಟರು" ಅಂದ. ಜರ್ಮನಿಯ ಹತ್ತಿರ ಒಂದು ದೇಶಗಳ ಪಟ್ಟಿ ಇದೆ. ಜಪಾನ್, ದಕ್ಷಿಣ ಕೊರಿಯಾ, ದಕ್ಷಿಣ ಆಫ್ರಿಕಾ, ಅಮೆರಿಕದ ಹಲವು ರಾಜ್ಯಗಳು ಅದರಲ್ಲಿವೆ. ಆ ದೇಶಗಳವರಿಗೆ ಪರೀಕ್ಷೆ ಇಲ್ಲ, ಇಲ್ಲವೇ ಸ್ವಲ್ಪ ಮಾತ್ರ. ಭಾರತ ಆ ಪಟ್ಟಿಯಲ್ಲಿಲ್ಲ. ನಾವು ಥಿಯರಿ, ಪ್ರಾಕ್ಟಿಕಲ್ ಎರಡನ್ನೂ ಬರೆಯಬೇಕು, ಓಡಿಸಿ ತೋರಿಸಬೇಕು.

ಸಂಜೆ ಫೋನ್‌ನಲ್ಲಿ ಅಪ್ಪನಿಗೆ ಹೇಳಿದೆ. "ಹತ್ತು ವರ್ಷ ಓಡಿಸಿದೋನಿಗೆ ಮತ್ತೆ ಪರೀಕ್ಷೆನಾ ಮಾರಾಯ?" ಅಂತ ನಕ್ಕರು. ನನಗೂ ಒಳಗೊಳಗೆ ಅವಮಾನ ಅನ್ನಿಸಿತ್ತು.

ಸಾವಿರ ಪ್ರಶ್ನೆಗಳ ಪುಸ್ತಕ

ಅರ್ಜಿ ಹಾಕಲು ಬೇಕಾದದ್ದು ಕಣ್ಣಿನ ಪರೀಕ್ಷೆಯ ಚೀಟಿ, ಬಯೋಮೆಟ್ರಿಕ್ ಫೋಟೊ, ಡಿಎಲ್‌ನ ಅನುವಾದ ಮತ್ತು ಪ್ರಥಮ ಚಿಕಿತ್ಸೆಯ ತರಬೇತಿ ಪತ್ರ. ಈ ಕೊನೆಯದು ಬರೀ ಕಾಗದದ ಶಾಸ್ತ್ರ ಅಲ್ಲ. 45 ನಿಮಿಷದ ಒಂಬತ್ತು ಪಾಠ, ಒಂದು ಪೂರ್ತಿ ಶನಿವಾರ. ಗೊಂಬೆಯ ಎದೆ ಒತ್ತೋದು, ಅಪಘಾತದಲ್ಲಿ ಬಿದ್ದವರ ಹೆಲ್ಮೆಟ್ ತೆಗೆಯೋದು, ಎಲ್ಲವನ್ನೂ ನಮ್ಮ ಕೈಯಲ್ಲೇ ಮಾಡಿಸಿದರು. ಊರಲ್ಲಿ ಲೈಸೆನ್ಸ್ ಮಾಡಿಸುವಾಗ ಇದನ್ನು ಯಾರಾದರೂ ಕೇಳಿದ್ದರಾ ಅಂತ ಯೋಚಿಸಿದೆ. ನನಗೆ ನೆನಪಿದ್ದದ್ದು ಕಾರನ್ನು ಹಿಂದಕ್ಕೆ ಸ್ವಲ್ಪ, ಮುಂದಕ್ಕೆ ಸ್ವಲ್ಪ ಓಡಿಸಿದ್ದು, ಸಾಹೇಬರು ತಲೆ ಎತ್ತದೆ ಸಹಿ ಹಾಕಿದ್ದು ಮಾತ್ರ.

ಅರ್ಜಿಗೆ ಒಪ್ಪಿಗೆ ಬರುವ ಹೊತ್ತಿಗೆ ನವೆಂಬರ್. ನನ್ನ ಆರು ತಿಂಗಳು ಸೆಪ್ಟೆಂಬರ್‌ಗೇ ಮುಗಿದಿತ್ತು. ಅಂದಿನಿಂದ ಕಾರು ಮನೆ ಮುಂದೆ ಎಲೆ, ಆಮೇಲೆ ಹಿಮ ಹೊದ್ದು ನಿಂತಿತು. ಅಷ್ಟರಲ್ಲಿ ಹೆಂಡತಿಗೆ ಐದನೇ ತಿಂಗಳು.

ಥಿಯರಿ ಪರೀಕ್ಷೆ ಕಂಪ್ಯೂಟರ್ ಮೇಲೆ. ಜರ್ಮನ್ ಬಿಟ್ಟು ಇಂಗ್ಲಿಷ್ ಸೇರಿ 12 ಭಾಷೆಗಳಲ್ಲಿ ಬರೆಯಬಹುದು, ಭಾರತದ ಯಾವ ಭಾಷೆಯೂ ಇಲ್ಲ. 30 ಪ್ರಶ್ನೆ. ಪ್ರತಿ ತಪ್ಪಿಗೆ ಪ್ರಶ್ನೆಯ ತೂಕ ನೋಡಿ ಎರಡರಿಂದ ಐದು ಅಂಕ. ತಪ್ಪಿನ ಅಂಕ ಹತ್ತು ದಾಟಿದರೆ ಫೇಲ್. ಐದಂಕದ ಎರಡು ಪ್ರಶ್ನೆ ತಪ್ಪಾದರೂ ಫೇಲ್. ಒಂದು ಪ್ರಶ್ನೆಗೆ ಮೂರು ಉತ್ತರವೂ ಸರಿ ಇರಬಹುದು, ಒಂದನ್ನು ಬಿಟ್ಟರೂ ಪೂರ್ತಿ ತಪ್ಪು. ತಯಾರಿಗೆ ಇರುವ ಪ್ರಶ್ನೆಗಳೇ ಸಾವಿರಕ್ಕೂ ಹೆಚ್ಚು. ಇಂಜಿನಿಯರಿಂಗ್‌ನಲ್ಲಿ ಹಿಂದಿನ ದಿನ ರಾತ್ರಿ ಓದಿ ಪಾಸಾದ ನನ್ನಂಥವರಿಗೆ ಇದು ನಡೆಯಲ್ಲ.

ಓದ್ತಾ ಓದ್ತಾ ಒಂದು ವಿಷಯ ಗಮನಕ್ಕೆ ಬಂತು. ಹೆಚ್ಚಿನ ಪ್ರಶ್ನೆಗಳು ಕಾರಿನ ಬಗ್ಗೆ ಅಲ್ಲ, ಬೇರೆಯವರ ಬಗ್ಗೆ. ಕಾರುಗಳ ಸಂದಿಯಿಂದ ಚೆಂಡು ಉರುಳಿ ಬಂದರೆ ಅದರ ಹಿಂದೆ ಯಾರು ಬರಬಹುದು? ಶಾಲಾ ಬಸ್ಸು ನಾಲ್ಕೂ ಇಂಡಿಕೇಟರ್ ಹಾಕಿ ನಿಂತಿದ್ದರೆ? ಎದುರು ದಿಕ್ಕಿನಿಂದ ಬರುವವರೂ ನಡೆದಾಡುವ ವೇಗದಲ್ಲಷ್ಟೇ ದಾಟಬೇಕು. ಹೈವೇಯಲ್ಲಿ ಟ್ರಾಫಿಕ್ ನಿಧಾನವಾದ ಕೂಡಲೇ ಎಡಗಡೆ ಸಾಲಿನವರು ಎಡಕ್ಕೆ, ಉಳಿದವರು ಬಲಕ್ಕೆ ಸರಿದು ನಡುವೆ ಆಂಬುಲೆನ್ಸ್‌ಗೆ ದಾರಿ ಬಿಡಬೇಕು. ಆಂಬುಲೆನ್ಸ್ ಕಂಡ ಮೇಲಲ್ಲ, ಕಾಣುವ ಮುಂಚೆಯೇ.

ಜನವರಿಯಲ್ಲಿ ಥಿಯರಿ ಪಾಸಾಯಿತು.

ಇಂಡಿಕೇಟರ್ ಹಾಕಿದರೆ ವೈಪರ್

ಡಿಎಲ್ ಇದ್ದವರಿಗೆ ಇಂತಿಷ್ಟೇ ಪಾಠ ತಗೊಳ್ಳಬೇಕು ಅನ್ನೋ ಕಡ್ಡಾಯ ಇಲ್ಲ. ಆದರೆ ಪ್ರಾಕ್ಟಿಕಲ್ ಪರೀಕ್ಷೆಗೆ ಡ್ರೈವಿಂಗ್ ಸ್ಕೂಲ್ ಮೂಲಕವೇ, ಅವರ ಕಾರಿನಲ್ಲೇ ಹೋಗಬೇಕು. ನನಗೆ ಸಿಕ್ಕವರು ಅರವತ್ತರ ಆಸುಪಾಸಿನ ಮೇಷ್ಟ್ರು. ಮೊದಲ ದಿನ ಒಂದು ಸುತ್ತು ಹೊಡೆಸಿ, "ಕಾರು ಚೆನ್ನಾಗಿ ಓಡಿಸ್ತೀರಿ. ರಸ್ತೆ ಮೇಲೆ ಓಡಿಸೋದು ಕಲಿಬೇಕು" ಅಂದರು.

ಸ್ಟೀರಿಂಗ್ ಎಡಗಡೆ, ಗೇರ್ ಬಲಗೈಗೆ. ನಮ್ಮ ಕಾರುಗಳಲ್ಲಿ ಬಲಗಡೆ ಇರುವ ಇಂಡಿಕೇಟರ್ ಕಡ್ಡಿ ಇಲ್ಲಿ ಎಡಗಡೆ. ಹಾಗಾಗಿ ಮೊದಲ ವಾರ ಪ್ರತಿ ತಿರುವಿನಲ್ಲೂ ಬಿಸಿಲಿನಲ್ಲಿ ವೈಪರ್ ಆಡಿಸಿದೆ. ಅದಕ್ಕಿಂತ ಕಷ್ಟವಾದದ್ದು ಕುತ್ತಿಗೆಯ ಅಭ್ಯಾಸ. ಲೇನ್ ಬದಲಿಸುವಾಗ, ತಿರುಗುವಾಗ ಕನ್ನಡಿ ನೋಡಿದರೆ ಸಾಲದು, ತಲೆ ತಿರುಗಿಸಿ ಭುಜದ ಮೇಲಿಂದ ಹಿಂದೆ ನೋಡಲೇಬೇಕು. ಕನ್ನಡಿಯಲ್ಲಿ ಕಾಣದ ಜಾಗದಲ್ಲಿ ಸೈಕಲ್ಲಿನವರು ಇರ್ತಾರೆ. ಹಾರ್ನ್ ಇರೋದು ಅಪಾಯಕ್ಕೆ ಮಾತ್ರ. "ನಾನು ಬಂದೆ" ಅಂತ ಹೇಳೋಕಲ್ಲ.

45 ನಿಮಿಷದ ಒಂದು ಪಾಠಕ್ಕೆ 70 ಯೂರೋ. ಒಂಬತ್ತು ಪಾಠ ತಗೊಂಡೆ.

30ರ ಬೀದಿ

ಮಾರ್ಚ್ ಕೊನೆಯಲ್ಲಿ ಪ್ರಾಕ್ಟಿಕಲ್. ಪಕ್ಕದಲ್ಲಿ ಮೇಷ್ಟ್ರು, ಹಿಂದಿನ ಸೀಟಿನಲ್ಲಿ ಪರೀಕ್ಷಕರು. ಒಟ್ಟು 55 ನಿಮಿಷ. ಹೈವೇ ಮುಗಿಸಿದೆ, ರಿವರ್ಸ್ ಪಾರ್ಕಿಂಗ್ ಆಯಿತು. ನಲವತ್ತು ನಿಮಿಷ ಕಳೆದಿತ್ತು. ಮನಸ್ಸಿನಲ್ಲಿ ಆಗಲೇ ಹೆಂಡತಿಗೆ ಫೋನ್ ಮಾಡ್ತಿದ್ದೆ.

ಆಗ ಒಂದು 30ರ ವಲಯಕ್ಕೆ ಬಂದೆವು. ಅಂದರೆ ಗಂಟೆಗೆ 30 ಕಿಲೋಮೀಟರ್ ಮಿತಿಯ ಮನೆಗಳ ಬೀದಿ. ನಾನು ಹೋಗ್ತಿದ್ದದ್ದು ಅಗಲವಾದ ನೇರ ರಸ್ತೆ, ವೇಗ 28. ಬಲಗಡೆ ಬೇಲಿ ಮರೆಯಲ್ಲಿ ಒಂದು ಸಣ್ಣ ಗಲ್ಲಿ. ಮೇಷ್ಟ್ರು ತಮ್ಮ ಕಡೆಯ ಬ್ರೇಕ್ ಒತ್ತಿದರು. ಕಾರು ನಿಂತಿತು. ಗಲ್ಲಿಯಿಂದ ಸೈಕಲ್ ಮೇಲೆ ಬಂದ ಒಬ್ಬ ಮಹಿಳೆ ನಮ್ಮ ಮುಂದೆ ಹಾದು ಹೋದರು. ನಮ್ಮ ಕಡೆ ತಿರುಗಿಯೂ ನೋಡಲಿಲ್ಲ.

ಮೇಷ್ಟ್ರು ಬ್ರೇಕ್ ಮುಟ್ಟಿದರೆ ಪರೀಕ್ಷೆ ಮುಗಿದ ಹಾಗೆ.

ಇಲ್ಲಿ ಒಂದು ನಿಯಮಕ್ಕೆ 'ರೆಷ್ಟ್ಸ್ ಫೋರ್ ಲಿಂಕ್ಸ್' ಅಂತಾರೆ, ಎಡಕ್ಕಿಂತ ಬಲ ಮೊದಲು. ಸಿಗ್ನಲ್ಲು, ಬೋರ್ಡು ಯಾವುದೂ ಇಲ್ಲದ ಕೂಡುರಸ್ತೆಯಲ್ಲಿ ಬಲಗಡೆಯಿಂದ ಬರುವವರದ್ದೇ ಮೊದಲ ಹಕ್ಕು. ರಸ್ತೆ ಸಣ್ಣದಾ ದೊಡ್ಡದಾ, ಬರ್ತಿರೋದು ಲಾರಿಯಾ ಸೈಕಲ್ಲಾ, ಯಾವುದೂ ಲೆಕ್ಕಕ್ಕಿಲ್ಲ. ಥಿಯರಿಯಲ್ಲಿ ಇದೇ ಪ್ರಶ್ನೆಗೆ ಸರಿ ಉತ್ತರ ಕೊಟ್ಟಿದ್ದೆ. ಆದರೆ ಹತ್ತು ವರ್ಷದ ಅಭ್ಯಾಸ ಬೇರೆ ಹೇಳಿಕೊಟ್ಟಿತ್ತು: ದೊಡ್ಡ ರಸ್ತೆಯಲ್ಲಿ ಇರೋನು ದೊಡ್ಡವನು, ಗಲ್ಲಿಯಿಂದ ಬರೋನು ಕಾಯಬೇಕು.

"ಆಕೆ ಯಾಕೆ ನಿಮ್ಮ ಕಡೆ ನೋಡಲಿಲ್ಲ ಗೊತ್ತಾ?" ಅಂತ ಪರೀಕ್ಷಕರು ಕೇಳಿದರು. "ನಿಮಗೆ ನಿಯಮ ಗೊತ್ತಿದೆ ಅಂತ ನಂಬಿದ್ದರು."

ಮನೆಗೆ ಬಂದು ಸಿಟ್ಟಿನಲ್ಲಿ ನಮ್ಮ ದೇಶದ ನಿಯಮ ಹುಡುಕಿದೆ. 2014ರಲ್ಲಿ ನಾನು ಲೈಸೆನ್ಸ್ ಮಾಡಿಸಿದಾಗ ಜಾರಿಯಲ್ಲಿದ್ದದ್ದು 1989ರ ರಸ್ತೆ ನಿಯಮಗಳು. ಅದರಲ್ಲಿ ಸ್ಪಷ್ಟವಾಗಿ ಬರೆದಿದೆ: ಮುಖ್ಯರಸ್ತೆಗೆ ಸೇರುವಾಗ ಆ ರಸ್ತೆಯವರಿಗೆ ದಾರಿ ಬಿಡಬೇಕು, ಉಳಿದ ಕೂಡುರಸ್ತೆಗಳಲ್ಲಿ ಬಲಗಡೆಯಿಂದ ಬರುವವರಿಗೆ ದಾರಿ ಬಿಡಬೇಕು. ನಾನು ಫೇಲಾದದ್ದು ಜರ್ಮನಿಯವರ ಯಾವುದೋ ವಿಚಿತ್ರ ನಿಯಮದಿಂದಲ್ಲ. ನಮ್ಮದೇ ನಿಯಮ, ನನಗೆ ಯಾರೂ ಹೇಳಿರಲಿಲ್ಲ, ನಾನೂ ಕೇಳಿರಲಿಲ್ಲ.

ಆ ರಾತ್ರಿ

ಮತ್ತೆ ಪರೀಕ್ಷೆಗೆ ಕೂರಲು ಕನಿಷ್ಠ ಎರಡು ವಾರ ಕಾಯಬೇಕು. ನನಗೆ ಸಿಕ್ಕಿದ ದಿನ ಮೇ ತಿಂಗಳಲ್ಲಿ. ಮಗು ಅಷ್ಟು ದಿನ ಕಾಯಲಿಲ್ಲ.

ಆಸ್ಪತ್ರೆಗೆ ಫೋನ್ ಮಾಡಿದರೆ, ಆಂಬುಲೆನ್ಸ್ ಬೇಕಾಗುವಷ್ಟು ತುರ್ತಿಲ್ಲ, ನೀವೇ ಹೊರಟು ಬನ್ನಿ ಅಂದರು. ಟ್ಯಾಕ್ಸಿಯವರು ಮುಕ್ಕಾಲು ಗಂಟೆ ಅಂದರು. ನಾನು ಕೀ ಹಿಡಿದು ಬಾಗಿಲಲ್ಲಿ ನಿಂತಿದ್ದೆ. ಖಾಲಿ ರಸ್ತೆ, ಇಪ್ಪತ್ತೇ ನಿಮಿಷ, ಯಾರು ಕೇಳ್ತಾರೆ? ಹೆಂಡತಿ ಗೋಡೆ ಹಿಡಿದುಕೊಂಡೇ, "ಕೀ ಒಳಗಿಡು. ಪಕ್ಕದ ಮನೆ ಬೆಲ್ ಮಾಡು" ಅಂದಳು.

ಪಕ್ಕದ ಮನೆಯಲ್ಲಿ ಎಪ್ಪತ್ತು ದಾಟಿದ ಅಜ್ಜಿ ಒಬ್ಬರೇ ಇರೋದು. ಬೆಲ್ ಮಾಡಿದ ಐದು ನಿಮಿಷಕ್ಕೆ ರಾತ್ರಿ ಉಡುಪಿನ ಮೇಲೆ ಕೋಟು ಹಾಕಿಕೊಂಡು ಕಾರು ತೆಗೆದರು. ನಮ್ಮ ಬೀದಿ ಕೊನೆಗೆ ಬೋರ್ಡಿಲ್ಲದ ಒಂದು ಕೂಡುರಸ್ತೆ ಇದೆ. ರಾತ್ರಿ ಎರಡೂಕಾಲು, ಒಂದು ನಾಯಿಯೂ ಇಲ್ಲ, ಹಿಂದಿನ ಸೀಟಿನಲ್ಲಿ ಹೆರಿಗೆ ನೋವಿನ ಹೆಂಗಸು. ಅಲ್ಲೂ ಅಜ್ಜಿ ವೇಗ ಇಳಿಸಿ, ತಲೆ ತಿರುಗಿಸಿ ಬಲಕ್ಕೆ ನೋಡಿ ಮುಂದೆ ಹೋದರು. ಎರಡು ಸೆಕೆಂಡ್ ಆಗಿರಬಹುದು. ಮೇಷ್ಟ್ರ ಒಂಬತ್ತು ಪಾಠ ಕಲಿಸದ್ದನ್ನು ಆ ಎರಡು ಸೆಕೆಂಡ್ ಕಲಿಸಿತು.

ಬೆಳಗ್ಗೆ ಏಳಕ್ಕೆ ಮಗಳು ಹುಟ್ಟಿದಳು.

ಅಪ್ಪ ಕೊಡಿಸಿದ ಕಾರ್ಡು

ಮೇ ತಿಂಗಳಲ್ಲಿ ಪಾಸಾದೆ. ಆದರೆ ಜರ್ಮನ್ ಲೈಸೆನ್ಸ್ ಕೈಗೆ ಬರಬೇಕಾದರೆ ಭಾರತದ ಮೂಲ ಡಿಎಲ್ ಅವರಿಗೆ ಒಪ್ಪಿಸಬೇಕು. ಅದರಲ್ಲಿ ಹತ್ತೊಂಬತ್ತು ವರ್ಷದ, ಮೀಸೆ ಸರಿಯಾಗಿ ಬರದ ನಾನು. ಅಪ್ಪ ತಮ್ಮ ಓಮ್ನಿಯಲ್ಲಿ ಬೆಳಗಿನ ಜಾವ ಮೈದಾನಕ್ಕೆ ಕರ್ಕೊಂಡು ಹೋಗಿ ಕಲಿಸಿ, ರಜೆ ಹಾಕಿ ಜೊತೆಗೆ ಬಂದು ಮಾಡಿಸಿದ್ದು. ಒಂದು ಫೋಟೊ ತೆಗೆದುಕೊಂಡು ಕೊಟ್ಟೆ. ಕೌಂಟರಿನ ಹುಡುಗಿ ಫೈಲಿಗೆ ಸೇರಿಸಿದಳು.

"ಕೊಟ್ಟು ಬಂದ್ಯಾ?" ಅಂದರು ಅಪ್ಪ ಫೋನಲ್ಲಿ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಹೋಗ್ಲಿ ಬಿಡು, ಓಡಿಸೋದು ಕಾರ್ಡಲ್ಲ ಅಲ್ವಾ" ಅಂದರು.

ಡಿಸೆಂಬರ್‌ನಲ್ಲಿ ಮಗಳನ್ನು ಕರ್ಕೊಂಡು ಊರಿಗೆ ಹೋಗಿದ್ದೆವು. ಕಾರು ಅಪ್ಪನೇ ಓಡಿಸ್ತಿದ್ದರು. ನಮ್ಮ ಬೀದಿಯ ತಿರುವಿನಲ್ಲಿ ಬಲಗಡೆಯಿಂದ ಆಟೊ ಬರ್ತಿತ್ತು. "ಅಪ್ಪಾ, ಬಲಗಡೆ" ಅಂದೆ. "ಅವನೇ ನಿಲ್ಲಿಸ್ತಾನೆ ಬಿಡೋ" ಅಂತ ಹಾರ್ನ್ ಒತ್ತಿ ಮುಂದೆ ಹೋದರು. ಆಟೊದವನು ನಿಲ್ಲಿಸಿದ. ಎಡಗಡೆ ಸೀಟಿನಲ್ಲಿ ಕೂತ ನಾನು, ಅಲ್ಲಿ ಇಲ್ಲದ ಬ್ರೇಕನ್ನು ಒತ್ತಿ ಹಿಡಿದಿದ್ದೆ.

ನೀವೂ ಜರ್ಮನಿಗೆ ಹೊರಟಿದ್ದರೆ

• ಆರು ತಿಂಗಳು ಎಂದು ಮುಗಿಯುತ್ತೆ ಅಂತ ಬಂದ ದಿನವೇ ಕ್ಯಾಲೆಂಡರ್‌ನಲ್ಲಿ ಗುರುತು ಹಾಕಿ. ಮೊದಲ ತಿಂಗಳಲ್ಲೇ ಅರ್ಜಿ ಹಾಕಿ, ನನ್ನ ಹಾಗೆ ಐದನೇ ತಿಂಗಳವರೆಗೆ ಕಾಯಬೇಡಿ.

• ಅಂತರರಾಷ್ಟ್ರೀಯ ಪರ್ಮಿಟ್ ಇದ್ದರೂ ಆರು ತಿಂಗಳ ಮಿತಿ ಬದಲಾಗಲ್ಲ.

• ಹೊರಡುವ ಮುಂಚೆ ಡಿಎಲ್ ಅವಧಿ ನೋಡಿಕೊಳ್ಳಿ. ಮುಗಿಯುವ ಹಾಗಿದ್ದರೆ ಊರಲ್ಲೇ ನವೀಕರಿಸಿ.

• ಥಿಯರಿ ಇಂಗ್ಲಿಷ್‌ನಲ್ಲಿ ಬರೆಯಬಹುದು. ಪ್ರಾಕ್ಟಿಕಲ್‌ನಲ್ಲಿ ಸೂಚನೆಗಳು ಜರ್ಮನ್‌ನಲ್ಲಿರುತ್ತವೆ. ಎಡ, ಬಲ, ತಿರುಗಿ, ನಿಲ್ಲಿಸಿ ಅನ್ನುವ ಮಾತುಗಳನ್ನು ಮೊದಲೇ ಕಲಿಯಿರಿ.

• ಫೇಲಾದದ್ದೂ ಸೇರಿ ನನಗೆ ಒಟ್ಟು ಸುಮಾರು 1,400 ಯೂರೋ ಖರ್ಚಾಯಿತು. ಮೊದಲ ಸಲ ಲೈಸೆನ್ಸ್ ಮಾಡಿಸುವವರಿಗೆ ಇದರ ಎರಡು ಪಟ್ಟೂ ಆಗಬಹುದು.

• ಊರಲ್ಲಿ ಇರುವಾಗಲೇ ನಮ್ಮ ರಸ್ತೆ ನಿಯಮಗಳನ್ನು ಒಮ್ಮೆ ಪೂರ್ತಿ ಓದಿ. ಅರ್ಧ ತಯಾರಿ ಅಲ್ಲೇ ಆಗುತ್ತೆ.