ಬ್ರೇಕ್ ಹೊಸದು, ಸ್ಟೇರಿಂಗ್ ಯಾಕೆ ನಡುಗುತ್ತದೆ?

ನಮ್ಮ ಪಿಕಪ್ ಗಾಡಿಗೆ ಮುಂದಿನ ಡಿಸ್ಕ್, ಪ್ಯಾಡ್ ಎಲ್ಲಾ ಹೊಸದು ಹಾಕಿಸಿದ್ದೆ. ಎರಡು ತಿಂಗಳು ಚಲೋ ಓಡಿತು. ಒಂದು ದಿನ ಕಡಲೆ ಚೀಲ ಹೇರಿಕೊಂಡು ಚಿಕ್ಕಪಡಸಲಗಿಯಿಂದ ಜಮಖಂಡಿಗೆ ಹೊರಟಾಗ, ಎದುರಿಗೆ ಕಬ್ಬಿನ ಟ್ರ್ಯಾಕ್ಟರ್ ಬಂತೆಂದು ಬ್ರೇಕ್ ತುಳಿದೆ. ಸ್ಟೇರಿಂಗ್ ಗಡಗಡ ನಡುಗಿತು. ಎದಿ ಧಸಕ್ ಅಂತು. ಗ್ಯಾರೇಜಿನವರು ‘ಅಲೈನ್‌ಮೆಂಟ್ ಮಾಡಿಸ್ರಿ’ ಅಂದರು. ಮಾಡಿಸಿದೆ. ರೊಕ್ಕ ಹೋಯಿತು, ನಡುಕ ಹೋಗಲಿಲ್ಲ.

ಹೀಗಾದರೆ ಮೊದಲು ಗಾಲಿಯ ನಟ್ಟು ಸಡಿಲಾಗಿವೆಯೋ ನೋಡಿರಿ. ಆಮೇಲೆ ನಡುಕ ಯಾವಾಗ ಬರುತ್ತದೆ ಎಂದು ಗಮನಿಸಿರಿ. ಬ್ರೇಕ್ ಮುಟ್ಟದಿದ್ದರೂ ಒಂದು ವೇಗಕ್ಕೆ ನಡುಗಿದರೆ ಹೆಚ್ಚಾಗಿ ಗಾಲಿಯದೇ ತಪ್ಪು. ನಮ್ಮ ಎರೆಮಣ್ಣು ರಿಮ್ಮಿನೊಳಗೆ ಮೆತ್ತಿ ಒಣಗಿದರೂ ತೂಕ ತಪ್ಪುತ್ತದೆ. ತೊಳೆದು ನೋಡಿ, ಆಮೇಲೆ ಬ್ಯಾಲೆನ್ಸಿಂಗ್‌ಗೆ ಹೋಗಿರಿ.

ಬ್ರೇಕ್ ತುಳಿದಾಗ ಮಾತ್ರ ನಡುಗಿದರೆ ಮುಂದಿನ ಡಿಸ್ಕ್ ಮೇಲೆ ಸಂಶಯಪಡಬೇಕು. ನನ್ನ ಗಾಡಿಯನ್ನು ಬೇರೆ ಮೇಸ್ತ್ರಿ ಬಿಚ್ಚಿದಾಗ ಸಿಕ್ಕಿದ್ದು ಹಬ್ಬಿನ ಮೇಲಿನ ತುಕ್ಕು. ಅದನ್ನು ಕೆರೆಯದೇ ಹೊಸ ಡಿಸ್ಕ್ ಕೂಡಿಸಿದ್ದರು. ಕೂದಲೆಳೆಯಷ್ಟು ತುಕ್ಕಿದ್ದರೂ ಡಿಸ್ಕ್ ಸೊಟ್ಟ ತಿರುಗುತ್ತದೆ. ಬ್ರೇಕ್ ತುಳಿಯದಿದ್ದಾಗಲೂ ಪ್ರತಿ ಸುತ್ತಿಗೆ ಒಂದೇ ಜಾಗ ಪ್ಯಾಡಿಗೆ ತಾಗಿ ಸವೆಯುತ್ತದೆ. ಆಮೇಲೆ ದಪ್ಪ ಜಾಗ ಹಿಡಿಯುವದು, ತೆಳು ಜಾಗ ಬಿಡುವದು. ಅದೇ ಸ್ಟೇರಿಂಗಿಗೆ ಬರುವ ನಡುಕ. ಅದಕ್ಕೇ ಮೊದಲ ದಿನ ಗೊತ್ತಾಗುವುದಿಲ್ಲ.

ಗಾಲಿಯ ನಟ್ಟನ್ನು ಸಾಲಾಗಿ ಬಿಗಿದರೂ ಡಿಸ್ಕ್ ಸೊಟ್ಟಾಗಬಹುದು. ಎದುರಾಬದುರು ಸ್ವಲ್ಪ ಸ್ವಲ್ಪವೇ ಬಿಗಿಯಬೇಕು.

ಸವೆದ ಮೇಲೆ ತುಕ್ಕು ಕೆರೆದರಷ್ಟೇ ಸಾಲದು. ನಾನು ಡಿಸ್ಕನ್ನು ಲೇಥಿಗೆ ಕೊಟ್ಟು ಸಮ ಮಾಡಿಸಬೇಕಾಯಿತು. ಅದರ ಮೇಲೆ ಬರೆದ ಕನಿಷ್ಠ ದಪ್ಪಕ್ಕಿಂತ ತೆಳುವಾದರೆ ಮತ್ತೆ ಹೊಸದೇ. ಈ ಸಲ ಹಬ್ಬಿಗೆ ತಂತಿ ಬ್ರಶ್ ಹಾಕಿ ತಿಕ್ಕುವತನಕ ನಾನು ಅಲ್ಲಿಂದ ಕದಲಲಿಲ್ಲ.